ವಜ್ರದ ನಾಡು ಬೋಟ್ಸ್ವಾನಾ: ಮಾವನವರ ವಾದಕ್ಕೆ ಏನು ಉತ್ತರ ಕೊಡಲಿ?

ಚೇಳೂರಿನ ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಬೋಟ್ಸ್ವಾನಾದ ರಾಜಧಾನಿ ಗ್ಯಾಬೊರೋನ್‌ನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ಸಿಕ್ಕಿದೆ. ಮೂರು ವರ್ಷದ ಕರಾರು. ಎರಡು ವಾರದಿಂದ ಮನೆಯಲ್ಲಿ ಇದೇ ಮಾತು. ಅತ್ತೆಯವರು ಆಫ್ರಿಕಾ ಎಂದು ಕೇಳಿದ ದಿನವೇ ದೇವರಿಗೆ ಮುಡಿಪು ಕಟ್ಟಿಟ್ಟರು. ಮಾವನವರದು ಬೇರೆ ವಾದ. "ನೆಲದಲ್ಲಿ ವಜ್ರ ಸಿಕ್ಕ ದೇಶ ಯಾವುದಮ್ಮ ಉದ್ಧಾರವಾಗಿದೆ? ಕಲ್ಲು ಹೊರಗಿನವರಿಗೆ, ಗುಂಡು ಒಳಗಿನವರಿಗೆ" ಎನ್ನುತ್ತಾರೆ. ಅವರು ಪತ್ರಿಕೆಯಲ್ಲಿ ಟೆಂಡರ್ ಪ್ರಕಟಣೆಯನ್ನೂ ಬಿಡದೆ ಓದುವವರು, ಬಾಯಿಮಾತಿಗೆ ಬಗ್ಗುವವರಲ್ಲ.

ಅಲ್ಲಿ ಸರ್ಕಾರ ಹೇಗಿದೆ, ಜನ ಹೇಗೆ, ಹಣಕಾಸು ಹೇಗೆ? ಈಚೆಗೆ ಬೇರೆ ಪಕ್ಷ ಬಂದಿದೆಯಂತೆ, ಗಲಾಟೆಯಾಯಿತೇ? ನಮಗೆ ಆರು ವರ್ಷದ ಮಗಳಿದ್ದಾಳೆ. ಗೊತ್ತಿದ್ದವರು ಹೇಳಿ. ಗೂಗಲ್ ಮಾಡಿ ಎಂದು ಹೇಳುವವರು ದಯವಿಟ್ಟು ಸುಮ್ಮನಿರಿ.

ನೇರಮಾತು
ಮಾವನವರು ಹೇಳಿದ್ದರಲ್ಲಿ ತಪ್ಪೇನಿದೆ? ಅಂಗೋಲಾ, ಸಿಯೆರಾ ಲಿಯೋನ್, ಕಾಂಗೋ ಕಣ್ಣ ಮುಂದೆಯೇ ಇವೆ.

ಲೆಕ್ಕಪಕ್ಕಾ
ನೇರಮಾತು ಅವರೇ, ನೀವು ಹೇಳಿದ ಮೂರೂ ಬೋಟ್ಸ್ವಾನಾ ಅಲ್ಲ. ಸ್ವಾತಂತ್ರ್ಯ ಬಂದ 1966ರ ಸೆಪ್ಟೆಂಬರ್ 30ರಿಂದ ಇಂದಿನವರೆಗೆ ಅಲ್ಲಿ ಅಂತರ್ಯುದ್ಧವೂ ಆಗಿಲ್ಲ, ಸೈನಿಕ ಕ್ರಾಂತಿಯೂ ಆಗಿಲ್ಲ. 1977ರವರೆಗೆ ಆ ದೇಶಕ್ಕೆ ಸೈನ್ಯವೇ ಇರಲಿಲ್ಲ. ಆಗಿನ ರೊಡೇಷಿಯಾದ (ಇಂದಿನ ಜಿಂಬಾಬ್ವೆ) ಪಡೆಗಳು ಗಡಿ ದಾಟಿ ಬರತೊಡಗಿದ ಮೇಲೆ ಕಟ್ಟಿಕೊಂಡರು.

ಸೊಸೆಯವರಿಗೆ ಅಳತೆ ತಿಳಿಯಲೆಂದು: ವಿಸ್ತೀರ್ಣ ಸುಮಾರು 5.8 ಲಕ್ಷ ಚದರ ಕಿಲೋಮೀಟರು, ಅಂದರೆ ಮೂರು ಕರ್ನಾಟಕ. 2022ರ ಜನಗಣತಿಯಲ್ಲಿ ಜನಸಂಖ್ಯೆ ಸುಮಾರು 23.6 ಲಕ್ಷ. ನಿಮ್ಮ ತುಮಕೂರು ಜಿಲ್ಲೆಯಲ್ಲೇ 2011ರಲ್ಲಿ ಅದಕ್ಕಿಂತ ಹೆಚ್ಚು ಜನರಿದ್ದರು. ನೆಲದ ಬಹುಪಾಲು ಕಲಹರಿ ಮರುಭೂಮಿ. ಸಮುದ್ರವಿಲ್ಲ. ಹಣದ ಹೆಸರು ಪುಲಾ.

ಹಳೆಯ ಮೇಷ್ಟ್ರು
ತಂಗಿ, ನಾನು 1988ರಿಂದ ಹದಿಮೂರು ವರ್ಷ ಸೆರೋವೆ ಎಂಬ ಊರಿನಲ್ಲಿ ಗಣಿತ ಪಾಠ ಮಾಡಿದವನು. ಈಗ ಮೈಸೂರಿನಲ್ಲಿ ಮೊಮ್ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದೇನೆ. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಪುಲಾ ಎಂದರೆ ಮಳೆ. ನಾಣ್ಯದ ಮೇಲೂ ಅದೇ, ರಾಷ್ಟ್ರಲಾಂಛನದ ಮೇಲೂ ಅದೇ. ಭಾಷಣ ಮುಗಿದಾಗ ಜನ "ಪುಲಾ!" ಎಂದು ಕೂಗುತ್ತಾರೆ. ನಮ್ಮ ಬಯಲುಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸೆರೋವೆ ಸೆರೆತ್ಸೆ ಖಾಮಾ ಅವರ ಊರು. ಬಂಗ್ವಾಟೊ ಬುಡಕಟ್ಟಿನ ಅರಸು ಮನೆತನದ ಆತ ಲಂಡನ್ನಿಗೆ ಓದಲು ಹೋಗಿ, 1948ರಲ್ಲಿ ರೂತ್ ವಿಲಿಯಮ್ಸ್ ಎಂಬ ಆಂಗ್ಲ ಹೆಣ್ಣನ್ನು ಮದುವೆಯಾದರು. ಪಕ್ಕದ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಸರ್ಕಾರ ಆಗಷ್ಟೇ ಬಂದಿತ್ತು. ಅವರಿಗೆ ಇದು ಕಣ್ಣಿಗೆ ಬಿದ್ದ ಕಸವಾಯಿತು. ಅವರನ್ನು ಮೆಚ್ಚಿಸಲು ಬ್ರಿಟಿಷರು ಈತನನ್ನು ಊರಿಗೇ ಬಾರದಂತೆ ಮಾಡಿದರು. 1956ರಲ್ಲಿ ಪಟ್ಟದ ಹಕ್ಕು ಬಿಟ್ಟುಕೊಟ್ಟು ಸಾಮಾನ್ಯ ಪ್ರಜೆಯಾಗಿ ಮರಳಿದವರು ಹತ್ತು ವರ್ಷದಲ್ಲಿ ದೇಶದ ಮೊದಲ ಅಧ್ಯಕ್ಷರಾದರು.

ಮಾವನವರ ಪ್ರಶ್ನೆಗೆ ಉತ್ತರ ಇಲ್ಲಿದೆ. ಆಗಿನ ಪದ್ಧತಿಯಂತೆ ಬುಡಕಟ್ಟಿನ ನೆಲದಡಿಯ ಖನಿಜ ಆ ಬುಡಕಟ್ಟಿನದು. ಒರಾಪಾದಲ್ಲಿ ವಜ್ರ ಸಿಕ್ಕಿದ್ದು 1967ರಲ್ಲಿ, ಸಿಕ್ಕಿದ್ದು ಬಂಗ್ವಾಟೊ ಸೀಮೆಯಲ್ಲಿ, ಅಂದರೆ ಅಧ್ಯಕ್ಷರ ಸ್ವಂತ ಜನರ ನೆಲದಲ್ಲಿ. ಆದರೆ ಅದೇ 1967ರ ಖನಿಜ ಕಾಯಿದೆ ಆ ಹಕ್ಕನ್ನೆಲ್ಲ ದೇಶಕ್ಕೆ ಸೇರಿಸಿತು. ನಮ್ಮ ಬೆಟ್ಟ ನಮಗೆ ಎಂದು ಆತ ಹಟ ಹಿಡಿದಿದ್ದರೆ ಒಂದು ಬುಡಕಟ್ಟು ಕುಬೇರನಾಗಿ ಉಳಿದ ಬುಡಕಟ್ಟುಗಳು ಕತ್ತಿ ಮಸೆಯುತ್ತಿದ್ದವು. ಕಲ್ಲು ಸಿಕ್ಕಿದ್ದು ಅದೃಷ್ಟ ಇರಬಹುದು. ಅದು ಯಾರ ಕಲ್ಲು ಎಂದು ಜಗಳಕ್ಕೆ ಮೊದಲೇ ತೀರ್ಮಾನಿಸಿದ್ದು ಅದೃಷ್ಟವಲ್ಲ.

ಸ್ವಾತಂತ್ರ್ಯದ ಹೊತ್ತಿಗೆ ಇಡೀ ದೇಶದಲ್ಲಿ ಡಾಂಬರು ರಸ್ತೆ ಹನ್ನೆರಡು ಮೈಲಿ. ಪದವೀಧರರು ಇಪ್ಪತ್ತೆರಡು. ಬ್ರಿಟಿಷರು ಆ ದೇಶವನ್ನು ಆಳಿದ್ದು ದೇಶದ ಹೊರಗಿನ ಮಾಫೆಕಿಂಗ್ ಎಂಬ ಊರಿನಿಂದ! ನಮ್ಮ ವಿಧಾನಸೌಧ ಹೊಸೂರಿನಲ್ಲಿದ್ದಂತೆ.

ಲೆಕ್ಕಪಕ್ಕಾ
ಮೇಷ್ಟ್ರೇ, ಹನ್ನೆರಡು ಮೈಲಿಯಲ್ಲ, ಕಿಲೋಮೀಟರು.

ಹಳೆಯ ಮೇಷ್ಟ್ರು
ಸರಿ ಮಹರಾಯ, ಇನ್ನೂ ಕಡಿಮೆಯಾಯಿತು. ನನ್ನ ವಾದಕ್ಕೇ ಬಲ ಬಂತು.

ನೇರಮಾತು
ಕಾಯಿದೆ ಮಾಡಿದರು ಸರಿ, ಗಣಿ ಅಗೆದವರು ಯಾರು? ಹೊರಗಿನ ವಜ್ರದ ಕಂಪನಿ ಡಿ ಬಿಯರ್ಸ್ ತಾನೇ? ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎಂಬ ಗಾದೆ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಚಿಕ್ಕಪೇಟೆ ತಕ್ಕಡಿ
ಗಾದೆ ಹೇಳಿದ ನೇರಮಾತು ಅವರಿಗೆ ಒಂದು ತಮಾಷೆ ಗೊತ್ತಿರಲಿಕ್ಕಿಲ್ಲ. ಜ್ವಾನೆಂಗ್ ಗಣಿಯ ವಜ್ರ ಹತ್ತಾರು ಮೀಟರ್ ಮರಳಿನ ಕೆಳಗಿತ್ತು. ನೀರಿನ ಪಸೆ ಹುಡುಕಿಕೊಂಡು ಆಳಕ್ಕೆ ಇಳಿಯುವ ಗೆದ್ದಲುಗಳು ಅಲ್ಲಿಂದ ಹೊತ್ತು ತಂದ ಖನಿಜದ ಕಣಗಳಿಂದಲೇ ಕೆಳಗೇನೋ ಇದೆ ಎಂಬ ಸುಳಿವು ಸಿಕ್ಕಿತೆಂದು ನಮ್ಮ ವ್ಯಾಪಾರದಲ್ಲಿ ಹೇಳುತ್ತಾರೆ. ಜ್ವಾನೆಂಗ್ ಎಂದರೆ ಸಣ್ಣ ಕಲ್ಲುಗಳ ಜಾಗ ಎಂದೇ ಅರ್ಥವಂತೆ. 1982ರಲ್ಲಿ ತೆರೆದ ಆ ಗಣಿ, ಸಿಗುವ ಕಲ್ಲಿನ ಬೆಲೆಯ ಲೆಕ್ಕದಲ್ಲಿ ಜಗತ್ತಿನ ಅತಿ ಶ್ರೀಮಂತ ವಜ್ರದ ಗಣಿ.

ಹಾವಿನ ವಿಷಯಕ್ಕೆ ಬಂದರೆ, ಮೊದಲು ಗಣಿ ಕಂಪನಿಯಲ್ಲಿ ಸರ್ಕಾರದ ಪಾಲು ನೂರಕ್ಕೆ ಹದಿನೈದು ಮಾತ್ರ. ಪಟ್ಟು ಹಿಡಿದು ಮಾತಾಡಿ ಎಪ್ಪತ್ತರ ದಶಕದಲ್ಲಿ ಐವತ್ತಕ್ಕೆ ಏರಿಸಿಕೊಂಡರು. ಅದೇ ಇಂದಿನ ಡೆಬ್ಸ್ವಾನಾ. ತೆರಿಗೆ, ರಾಜಧನ, ಲಾಭಾಂಶ ಎಲ್ಲ ಕೂಡಿಸಿದರೆ ಗಣಿಯ ಲಾಭದಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಸರ್ಕಾರಕ್ಕೇ ಹೋಗುತ್ತದೆ. ಡಿ ಬಿಯರ್ಸ್ ಕಂಪನಿಯಲ್ಲೇ ಅವರ ಸರ್ಕಾರಕ್ಕೆ ಹದಿನೈದು ಪಾಲಿದೆ. 2013ರಲ್ಲಿ ಆ ಕಂಪನಿಯ ಕಚ್ಚಾ ವಜ್ರದ ಮಾರಾಟವನ್ನೇ ಲಂಡನ್ನಿನಿಂದ ಗ್ಯಾಬೊರೋನ್‌ಗೆ ಎತ್ತಿ ತಂದರು. ಸೂರತ್ತಿನವರು ಪೊಟ್ಟಣ ಬಿಚ್ಚಿ ಕಲ್ಲು ನೋಡಲು ಈಗ ಅಲ್ಲಿಗೇ ಹೋಗಬೇಕು.

ಹುಳಿಯಾರು ಹೈದ
ಎಲ್ಲ ಬಿಡಿ, ಊಟಕ್ಕೇನು ಸಿಗುತ್ತದೆ?

ಚಾಂಪಿಯನ್ ರೀಫ್
ನಾನು ಕೆಜಿಎಫ್‌ನವನು. ನಮ್ಮ ತಂದೆ ಗಣಿಯೊಳಗೆ ಇಳಿಯುತ್ತಿದ್ದವರು. ಅವರ ಹಿತ್ತಾಳೆ ಬಿಲ್ಲೆ ಇಂದಿಗೂ ನಮ್ಮ ಮನೆಯ ದೇವರ ಗೂಡಿನಲ್ಲಿದೆ. ಪಾಳಿ ಮುಗಿಸಿ ಅವರು ಬಂದ ಮೇಲೆಯೇ ಅಮ್ಮ ಒಲೆಯ ಮೇಲಿನ ನೀರು ಇಳಿಸುತ್ತಿದ್ದರು. ತಡವಾದ ದಿನ ಯಾರೂ ಮಾತಾಡುತ್ತಿರಲಿಲ್ಲ.

ಆದ್ದರಿಂದ ಗಣಿ ದೇಶದ ಹೊಗಳಿಕೆ ಕೇಳಿದರೆ ನನಗೆ ಅರ್ಧ ಮಾತ್ರ ಒಳಗೆ ಹೋಗುತ್ತದೆ. ನಮ್ಮೂರಿನ ದೀಪಕ್ಕಾಗಿಯೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಬೆಂಗಳೂರಿಗಿಂತ ಮೊದಲು ನಮಗೆ ಬಂದದ್ದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಈಗ ಊರಿನ ಅರ್ಧ ಜನ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಓಡುತ್ತಾರೆ. ಗಾಳಿ ಎದ್ದ ದಿನ ಸೈನೈಡ್ ದಿಬ್ಬದ ಪುಡಿ ಅನ್ನದ ತಟ್ಟೆಯವರೆಗೂ ಬರುತ್ತದೆ.

ಬೋಟ್ಸ್ವಾನಾದಲ್ಲೂ ಒಂದು ಕೆಜಿಎಫ್ ಇದೆ. ಸೆಲೆಬಿ ಪಿಕ್ವೆ ಎಂದು ಹುಡುಕಿ. ತಾಮ್ರ ಮತ್ತು ನಿಕ್ಕಲ್ ಗಣಿಗಾಗಿಯೇ ಹುಟ್ಟಿದ ಪಟ್ಟಣ. 2016ರ ಅಕ್ಟೋಬರಿನಲ್ಲಿ ಸರ್ಕಾರ ಆ ಗಣಿಯನ್ನು ಒಮ್ಮೆಗೇ ಮುಚ್ಚಿತು. ಐದು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಮೇಷ್ಟ್ರೇ, ಕಲ್ಲು ಯಾರದು ಎಂದು ತೀರ್ಮಾನಿಸಿದ್ದು ದೊಡ್ಡ ಮಾತೇ. ಕಲ್ಲು ಮುಗಿದ ದಿನ ಊರು ಯಾರದು ಎಂಬುದನ್ನು ಅಲ್ಲಿಯೂ ಯಾರೂ ತೀರ್ಮಾನಿಸಿಲ್ಲ.

ಹಳೆಯ ಮೇಷ್ಟ್ರು
ರೀಫ್ ಅವರೇ, ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ನನ್ನ ಇಬ್ಬರು ಶಿಷ್ಯರು ಆ ಗಣಿಯಲ್ಲಿದ್ದರು.

ಒಂದು ಮಾತು ಸೇರಿಸುತ್ತೇನೆ. ಮುಂದೊಂದು ದಿನಕ್ಕೆಂದು 1994ರಲ್ಲಿ ಪುಲಾ ನಿಧಿ ಎಂದು ವಜ್ರದ ಹಣದ ಒಂದು ಪಾಲನ್ನು ಕೂಡಿಡತೊಡಗಿದರು. ಈಚಿನ ಕಷ್ಟದ ವರ್ಷಗಳಲ್ಲಿ ಆ ಹುಂಡಿಗೂ ಕೈ ಹಾಕಿದ್ದಾರೆ.

ಟ್ಲೊಕ್ವೆಂಗಿನಿಂದ
ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ, ಗ್ಯಾಬೊರೋನ್ ಪಕ್ಕದಲ್ಲೇ. ಔಷಧ ವಿತರಣೆ ನನ್ನ ಕೆಲಸ. ಮೇಷ್ಟ್ರ ಕಾಲದ ಬೋಟ್ಸ್ವಾನಾವನ್ನೇ ನಂಬಿಕೊಂಡು ಬರಬೇಡಿ ಸೊಸೆಯವರೇ, ಈಗಿನದನ್ನು ಕೇಳಿ.

ದೇಶದ ರಫ್ತಿನಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ವಜ್ರವೇ. ವಜ್ರ ಸೀನಿದರೆ ಇಡೀ ದೇಶಕ್ಕೆ ನೆಗಡಿ. ಎರಡು ಮೂರು ವರ್ಷದಿಂದ ವಜ್ರಕ್ಕೆ ಕೇಳುವವರಿಲ್ಲ, 2024ರಲ್ಲಿ ಆರ್ಥಿಕತೆ ಬೆಳೆಯುವುದಿರಲಿ, ಕುಗ್ಗಿತು. ಕಲ್ಲು ಸಾಣೆ ಹಿಡಿಯುವ ಕಾರ್ಖಾನೆಗಳಲ್ಲಿ ಜನರನ್ನು ಮನೆಗೆ ಕಳಿಸಿದರು. 2025ರ ಆಗಸ್ಟಿನಲ್ಲಿ ಔಷಧದ ಕೊರತೆಯಿಂದ ಅಧ್ಯಕ್ಷರೇ ಆರೋಗ್ಯ ತುರ್ತುಸ್ಥಿತಿ ಘೋಷಿಸಿದರು. ನಾನು ಕೆಲಸ ಮಾಡುವ ಕಡೆ ರಕ್ತದೊತ್ತಡದ ಮಾತ್ರೆಗೆ ಬಂದ ಮುದುಕಿಯರಿಗೆ ಅರ್ಧ ತಿಂಗಳಿನದು ಕೊಟ್ಟು ಕಳಿಸಿದ್ದೇವೆ. ಒಬ್ಬರೂ ದನಿ ಎತ್ತಲಿಲ್ಲ. ಎರಡೂ ಕೈ ಜೋಡಿಸಿ ತೆಗೆದುಕೊಂಡು "ಕೆ ಆ ಲೆಬೊಹಾ" (ಧನ್ಯವಾದ) ಎಂದು ಹೋದರು. ಬೈದಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತು.

ಹಾಗೆಂದು ಬರಬೇಡಿ ಎನ್ನುತ್ತಿಲ್ಲ. ಕಳ್ಳತನವಿದೆ, ಮನೆಗೆ ಕಂಬಿ ಹಾಕಿಸಿಕೊಳ್ಳಿ, ಸಂಜೆಯ ಮೇಲೆ ಒಂಟಿಯಾಗಿ ನಡೆಯಬೇಡಿ. ಮಗಳಿಗೆ ಒಳ್ಳೆಯ ಖಾಸಗಿ ಶಾಲೆಗಳಿವೆ, ಶುಲ್ಕ ಹೆಚ್ಚು. ಕರಾರಿನಲ್ಲಿ ಶಾಲಾ ಶುಲ್ಕ, ಮನೆ ಬಾಡಿಗೆ, ವೈದ್ಯಕೀಯ ವಿಮೆ ಈ ಮೂರನ್ನೂ ಬರೆಸಿಕೊಳ್ಳದೆ ಸಹಿ ಹಾಕಬೇಡಿ. ಕೆಲಸದ ಪರವಾನಗಿ ಯಾರ ಖರ್ಚು ಎಂಬುದನ್ನೂ ಕೇಳಿ.

ಚಿಕ್ಕಪೇಟೆ ತಕ್ಕಡಿ
ಕೇಳುವವರಿಲ್ಲ ಎಂದರಲ್ಲ ಮೇಡಂ, ಅದರ ಕಾರಣ ನನ್ನ ಅಂಗಡಿಯ ಗಾಜಿನ ಮೇಲೇ ಇದೆ. ಮೊನ್ನೆ ನಿಶ್ಚಿತಾರ್ಥದ ಉಂಗುರಕ್ಕೆ ಬಂದ ಹುಡುಗಿ ಎರಡು ಕಲ್ಲು ಪಕ್ಕಪಕ್ಕ ಇಟ್ಟು ನೋಡಿದಳು. ಒಂದು ಗಣಿಯದು, ಇನ್ನೊಂದು ಪ್ರಯೋಗಾಲಯದಲ್ಲಿ ಬೆಳೆಸಿದ್ದು. ಭೂತಗನ್ನಡಿ ಕೊಟ್ಟರೂ ವ್ಯತ್ಯಾಸ ಕಾಣಲಿಲ್ಲ. ಕಾಣುವುದೂ ಇಲ್ಲ, ಅದಕ್ಕೆ ಯಂತ್ರವೇ ಬೇಕು. ಬೆಲೆ ಕೇಳಿದ ಮೇಲೆ ಯೋಚನೆಯನ್ನೇ ಮಾಡಲಿಲ್ಲ.

ಆ ಕಲ್ಲುಗಳನ್ನು ರಾಶಿ ರಾಶಿ ಬೆಳೆಸುತ್ತಿರುವವರಲ್ಲಿ ನಮ್ಮ ಸೂರತ್ತಿನವರೇ ಮುಂದಿದ್ದಾರೆ. ಬೋಟ್ಸ್ವಾನಾದ ಕಲ್ಲಿಗೆ ಸಾಣೆ ಹಿಡಿಯುವವರೂ ಅವರೇ, ಅದಕ್ಕೆ ಪೈಪೋಟಿ ಕೊಡುವವರೂ ಅವರೇ. ಬಲಗೈಗೂ ಎಡಗೈಗೂ ಕುಸ್ತಿ.

ನೇರಮಾತು
ಅಲ್ಲಿಗೆ ನನ್ನ ಮಾತಿಗೇ ಬಂದಿರಿ. ಅರವತ್ತು ವರ್ಷ ಒಂದೇ ಕಲ್ಲು ನಂಬಿ ಕುಳಿತವರಿಗೆ ಆಫ್ರಿಕಾದ ಸ್ವಿಟ್ಜರ್ಲೆಂಡ್ ಎಂಬ ಬಿರುದು ಬೇರೆ. ಸಂಪತ್ತಿನ ಅಸಮಾನತೆಯಲ್ಲಿ ಜಗತ್ತಿನ ಮುಂಚೂಣಿಯ ದೇಶಗಳಲ್ಲಿ ಅದೂ ಒಂದು, ಕೆಲಸ ಹುಡುಕುವವರಲ್ಲಿ ನಾಲ್ವರಿಗೊಬ್ಬರು ನಿರುದ್ಯೋಗಿ. 1966ರಿಂದ 2024ರವರೆಗೆ ಒಂದೇ ಪಕ್ಷ. ಇದಕ್ಕೆ ಪ್ರಜಾಪ್ರಭುತ್ವ ಎನ್ನುತ್ತೀರಾ?

ಕಾನೂನು ಓದಿದವಳು
ಐವತ್ತೆಂಟು ವರ್ಷ ಗೆದ್ದ ಪಕ್ಷ ಸೋತ ದಿನ ಏನಾಯಿತು ಎಂಬುದನ್ನು ನೋಡಿ ಹೇಳಬೇಕು. 2024ರ ಅಕ್ಟೋಬರ್ 30ರಂದು ಮತದಾನ. 61 ಸ್ಥಾನಗಳಲ್ಲಿ ವಿರೋಧಿ ಒಕ್ಕೂಟ ಯುಡಿಸಿಗೆ 36, ಆಳುವ ಬಿಡಿಪಿಗೆ ನಾಲ್ಕೇ ನಾಲ್ಕು. ಎಣಿಕೆ ಪೂರ್ತಿ ಮುಗಿಯುವ ಮೊದಲೇ ಅಧ್ಯಕ್ಷ ಮಸೀಸಿ ಸೋಲು ಒಪ್ಪಿಕೊಂಡರು. ನವೆಂಬರ್ 1ಕ್ಕೆ ವಕೀಲರಾದ ಡುಮಾ ಬೊಕೊ ಪ್ರಮಾಣವಚನ ಸ್ವೀಕರಿಸಿದರು. ಮತಪೆಟ್ಟಿಗೆಯ ಜಗಳವಿಲ್ಲ, ರೆಸಾರ್ಟ್ ಇಲ್ಲ. ಸೊಸೆಯವರೇ, ಗಲಾಟೆಯಾಯಿತೇ ಎಂದು ಕೇಳಿದ್ದಿರಿ. ಆಗಲಿಲ್ಲ.

ಅಲ್ಲಿ ಜನ ಅಧ್ಯಕ್ಷರನ್ನು ನೇರವಾಗಿ ಆರಿಸುವುದಿಲ್ಲ, ಸಂಸತ್ತಿನಲ್ಲಿ ಬಹುಮತ ಬಂದ ಪಕ್ಷದ ಅಭ್ಯರ್ಥಿಯೇ ಅಧ್ಯಕ್ಷ. ಬುಡಕಟ್ಟಿನ ಮುಖಂಡರಿಗೆ ಎನ್‌ಟ್ಲೋ ಯಾ ದಿಖೋಸಿ ಎಂಬ ಬೇರೆ ಸಭೆ ಇದೆ. ಅದು ಸಲಹೆ ಕೊಡುತ್ತದೆಯೇ ಹೊರತು ಕಾನೂನು ತಡೆಯಲಾರದು.

ನನಗೆ ಆ ದೇಶದ ಮೇಲೆ ಗೌರವ ಬಂದದ್ದು ಯೂನಿಟಿ ಡೌ ಎಂಬ ವಕೀಲೆಯ ಪ್ರಕರಣದಿಂದ. ಹೊರದೇಶದವನನ್ನು ಮದುವೆಯಾದ ಗಂಡಸಿನ ಮಕ್ಕಳಿಗೆ ಪೌರತ್ವ, ಹೆಂಗಸಿನ ಮಕ್ಕಳಿಗೆ ಇಲ್ಲ ಎಂಬ ಕಾನೂನಿತ್ತು. ಆಕೆ ಸರ್ಕಾರದ ಮೇಲೆ ಮೊಕದ್ದಮೆ ಹೂಡಿ 1992ರಲ್ಲಿ ಗೆದ್ದರು. ಆಮೇಲೆ ಅಲ್ಲಿನ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯೂ ಆದರು.

ಲೆಕ್ಕಪಕ್ಕಾ
ಹೊರದೇಶದವಳನ್ನು ಮದುವೆಯಾದ ಗಂಡಸಿನ ಎಂದಾಗಬೇಕು.

ಕಾನೂನು ಓದಿದವಳು
ಅರ್ಥವಾಯಿತಲ್ಲ, ಬಿಡಿ.

ನೇರಮಾತು
ಮೇಡಂ, ನ್ಯಾಯಾಲಯದ ಮಾತು ಎತ್ತಿದ್ದೀರಿ, ಪೂರ್ತಿ ಹೇಳಿ. ಬಸರ್ವಾ ಎಂದು ಕರೆಯುವ ಸಾನ್ ಜನ ಆ ನೆಲದ ಮೂಲ ನಿವಾಸಿಗಳು. ಅವರ ಬದುಕಿಗೂ ಜಾಗವಿರಲಿ ಎಂದು 1961ರಲ್ಲಿ ಮಧ್ಯ ಕಲಹರಿಯಲ್ಲಿ ಮೀಸಲು ಪ್ರದೇಶ ಮಾಡಿದರು. ಅಲ್ಲಿಂದಲೇ 1997 ಮತ್ತು 2002ರಲ್ಲಿ ಅವರನ್ನು ಲಾರಿಗೆ ಹತ್ತಿಸಿ ಹೊರಗೆ ಬಿಟ್ಟರು. ಕೊಳವೆಬಾವಿಗೂ ಬೀಗ.

ಕಾನೂನು ಓದಿದವಳು
ಹೌದು, ಅದು ಆ ದೇಶದ ಕಪ್ಪು ಪುಟ. 2006ರ ಡಿಸೆಂಬರಿನಲ್ಲಿ ಹೈಕೋರ್ಟು ಅವರನ್ನು ಹೊರಹಾಕಿದ್ದು ತಪ್ಪು ಎಂದಿತು. ಸರ್ಕಾರ ಆ ತೀರ್ಪನ್ನು ಅರ್ಜಿದಾರರಿಗೆ ಮಾತ್ರ ಎಂದು ಕಿರಿದಾಗಿ ಅರ್ಥ ಮಾಡಿಕೊಂಡಿತು. ನೀರಿಗಾಗಿ ಮತ್ತೆ ನ್ಯಾಯಾಲಯಕ್ಕೆ ಹೋಗಬೇಕಾಯಿತು, 2011ರಲ್ಲಿ ಮೇಲ್ಮನವಿ ನ್ಯಾಯಾಲಯ ಕೊಳವೆಬಾವಿಯ ಹಕ್ಕು ಕೊಟ್ಟಿತು. ನಾಗರಹೊಳೆಯ ಜೇನುಕುರುಬರ ಕತೆ ತಿಳಿದವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ಕಾಡು ಉಳಿಸುತ್ತೇವೆ ಎಂದವರು ಮೊದಲು ಹೊರಗೆ ಕಳಿಸುವುದು ಕಾಡಿನವರನ್ನೇ.

ಸಕಲೇಶಪುರ ಕಾಫಿ
ಕಾಡಿನ ಮಾತು ಬಂತಲ್ಲ. ಆ ದೇಶದಲ್ಲಿ ಸುಮಾರು 1,30,000 ಆನೆಗಳಿವೆಯಂತೆ. ಇಲ್ಲಿ ನಮ್ಮ ತೋಟಕ್ಕೆ ಬರುವ ಏಳು ಆನೆಗಳೇ ನಿದ್ದೆ ಕೆಡಿಸಿವೆ.

ಲೆಕ್ಕಪಕ್ಕಾ
2014ರಲ್ಲಿ ಬೇಟೆ ನಿಷೇಧ, 2019ರಲ್ಲಿ ನಿಷೇಧ ತೆರವು. 2024ರಲ್ಲಿ ಜರ್ಮನಿಯವರು ಬೇಟೆಯ ಟ್ರೋಫಿ ತರಿಸಿಕೊಳ್ಳುವುದಕ್ಕೆ ಕಡಿವಾಣ ಹಾಕಲು ಹೊರಟಾಗ ಮಸೀಸಿ ಇಪ್ಪತ್ತು ಸಾವಿರ ಆನೆಗಳನ್ನು ಜರ್ಮನಿಗೇ ಕಳಿಸುತ್ತೇನೆ, ಅವುಗಳ ಜೊತೆ ಬಾಳಿ ನೋಡಿ ಎಂದರು.

ಸಕಲೇಶಪುರ ಕಾಫಿ
ಆ ಮನುಷ್ಯನಿಗೆ ನನ್ನ ಮತ. ನಮ್ಮವೂ ಏಳನ್ನು ಸೇರಿಸಿಕೊಂಡು ಕಳಿಸಲಿ.

ಪದಪ್ರೇಮಿ
ದೇಶ ಬೋಟ್ಸ್ವಾನಾ, ಭಾಷೆ ಸೆಟ್ಸ್ವಾನಾ, ಜನರನ್ನು ಬೋಟ್ಸ್ವಾನಿಗರು ಎನ್ನಬೇಕೇ ಬೋಟ್ಸ್ವಾನಿಯನ್ನರು ಎನ್ನಬೇಕೇ? ಪತ್ರಿಕೆಗಳಲ್ಲಿ ಒಂದೊಂದು ದಿನ ಒಂದೊಂದು.

ಹಳೆಯ ಮೇಷ್ಟ್ರು
ಎರಡೂ ಬೇಡ. ಒಬ್ಬರಾದರೆ ಮೋಟ್ಸ್ವಾನಾ, ಹಲವರಾದರೆ ಬಾಟ್ಸ್ವಾನಾ. ನಾವು ಪದದ ಬಾಲಕ್ಕೆ ಗಳು, ಅರು ಸೇರಿಸುತ್ತೇವೆ, ಅವರು ತಲೆಗೆ ಸೇರಿಸುತ್ತಾರೆ. ಬಸರ್ವಾ ಎಂಬುದರಲ್ಲೂ ಅದೇ ಬಾ. ಇನ್ನೊಂದು ವಿಚಿತ್ರ, ಸೆಟ್ಸ್ವಾನಾ ಮಾತಾಡುವವರು ಬೋಟ್ಸ್ವಾನಾಕ್ಕಿಂತ ದಕ್ಷಿಣ ಆಫ್ರಿಕಾದಲ್ಲೇ ಹೆಚ್ಚು. ರಾಜಧಾನಿಯ ಹೆಸರಿನ ಮೊದಲ ಅಕ್ಷರ ಗಂಟಲಿನಿಂದ ಬರುವ ಹಕಾರ. ಹಾಬೊರೊನೆ ಎನ್ನಿ, ಅವರ ಮುಖ ಅರಳುತ್ತದೆ.

ಹುಳಿಯಾರು ಹೈದ
ಮೂರನೇ ಸಲ ಕೇಳುತ್ತಿದ್ದೇನೆ. ಊಟ?

ಟ್ಲೊಕ್ವೆಂಗಿನಿಂದ
ಎರಡನೇ ಸಲ ಅಷ್ಟೇ! ಹೇಳುತ್ತೇನೆ. ಜೋಳದ ಹಿಟ್ಟಿನಿಂದ ಮಾಡುವ ಬೊಹೊಬೆ ಇದೆ, ನಮ್ಮ ಮುದ್ದೆಯ ಅಣ್ಣನ ಮಗ. ಹುಳಿ ಬರಿಸಿ ಮಾಡಿದ್ದಕ್ಕೆ ಅಂಬಲಿಯ ವಾಸನೆಯೇ ಬರುತ್ತದೆ. ಅದರ ಜೊತೆಗೆ ಸೆಸ್ವಾ, ಅಂದರೆ ಬರೀ ಉಪ್ಪು ನೀರಿನಲ್ಲಿ ಗಂಟೆಗಟ್ಟಲೆ ಬೇಯಿಸಿ ಒನಕೆಯಲ್ಲಿ ಕುಟ್ಟಿದ ದನದ ಮಾಂಸ. ಮದುವೆ, ಸಾವು ಎರಡಕ್ಕೂ ಮೂರು ಕಾಲಿನ ಕಬ್ಬಿಣದ ಹಂಡೆಯಲ್ಲಿ ಗಂಡಸರೇ ಬೇಯಿಸುತ್ತಾರೆ. ಮೊಪಾನೆ ಮರದ ಹುಳುವನ್ನು ಒಣಗಿಸಿ ಚೀಲದಲ್ಲಿ ಮಾರುತ್ತಾರೆ. ಸಸ್ಯಾಹಾರಿಗಳು ಹೆದರಬೇಕಾಗಿಲ್ಲ, ಭಾರತದ ಬೇಳೆ, ಮಸಾಲೆ, ಅಕ್ಕಿ ಎಲ್ಲ ಸಿಗುತ್ತದೆ. ರಾಗಿಯನ್ನು ಮಾತ್ರ ನಾನು ಊರಿನಿಂದ ಹೊತ್ತು ತರುತ್ತೇನೆ.

ಹಳೆಯ ಮೇಷ್ಟ್ರು
ಆಫ್ರಿಕಾದಿಂದಲೇ ನಮ್ಮಲ್ಲಿಗೆ ಬಂದ ರಾಗಿಯನ್ನು ಆಫ್ರಿಕಾಕ್ಕೆ ಹೊರುತ್ತಿದ್ದೀರಿ! ಪಕ್ಕದ ಜಿಂಬಾಬ್ವೆಯಲ್ಲಿ ಅದಕ್ಕೆ ರಪೋಕೊ ಎನ್ನುತ್ತಾರೆ, ಅಲ್ಲಿಂದ ಬರುವ ಮಾರಾಟದವರನ್ನು ಕೇಳಿ ನೋಡಿ.

ನಿರ್ವಾಹಕ
ಆನೆ, ಹುಳು, ರಾಗಿ ಸಾಕು. ಸೊಸೆಯವರ ಪ್ರಶ್ನೆಗೆ ಬನ್ನಿ.

ಚೇಳೂರಿನ ಸೊಸೆ
ಎಲ್ಲರಿಗೂ ಧನ್ಯವಾದ. ಸಂಜೆ ಇದನ್ನೆಲ್ಲ ಮಾವನವರಿಗೆ ಓದಿ ಹೇಳಿದೆ. ಖನಿಜ ಕಾಯಿದೆಯ ವಿಷಯಕ್ಕೆ "ಹೂಂ" ಎಂದರು, ಅದು ಅವರಿಂದ ದೊಡ್ಡ ಮಾತು. ಕೆಜಿಎಫ್‌ನವರು ಬರೆದದ್ದನ್ನು ಎರಡು ಸಲ ಓದಿಸಿದರು. ಆಮೇಲೆ ಎರಡು ಪ್ರಶ್ನೆ ಕೇಳಿದ್ದಾರೆ. ಅಲ್ಲಿ ಏಡ್ಸ್ ಬಹಳ ಇತ್ತಂತಲ್ಲ, ಈಗ ಹೇಗೆ? ಎರಡನೆಯದು, ಆ ಜನ ವಜ್ರಕ್ಕೆ ಮೊದಲು ಏನು ಮಾಡುತ್ತಿದ್ದರು?

ಹಳೆಯ ಮೇಷ್ಟ್ರು
ಮೊದಲನೆಯದನ್ನು ನಾನು ಕಣ್ಣಾರೆ ಕಂಡವನು. ಅಲ್ಲಿ ಮಣ್ಣು ಮಾಡುವುದು ಶನಿವಾರ ಬೆಳಕು ಹರಿಯುವ ಹೊತ್ತಿಗೆ. 1988ರಲ್ಲಿ ಅಪರೂಪಕ್ಕೊಮ್ಮೆ ಹೋಗುತ್ತಿದ್ದೆ. ತೊಂಬತ್ತರ ದಶಕದ ಕೊನೆಗೆ ಒಂದೇ ಶನಿವಾರ ಎರಡು ಮೂರು ಕಡೆ ಹೋಗಬೇಕಾಗುತ್ತಿತ್ತು, ಎಲ್ಲ ಇಪ್ಪತ್ತು ಮೂವತ್ತರ ಪ್ರಾಯದವರು. ಸೋಮವಾರ ಹಾಜರಿ ಕರೆಯುವಾಗ ಮಕ್ಕಳ ತಲೆ ಬೋಳಾಗಿರುತ್ತಿತ್ತು. ನಾನು ಏನೂ ಕೇಳುತ್ತಿರಲಿಲ್ಲ.

ಅಧ್ಯಕ್ಷ ಫೆಸ್ಟಸ್ ಮೊಗಾಯೆ ಇದನ್ನು ಮುಚ್ಚಿಡಲಿಲ್ಲ. ನಮ್ಮ ಜನ ನಿರ್ನಾಮವಾಗುತ್ತಾರೆ ಎಂದು ಲೋಕದ ಮುಂದೆ ಹೇಳಿದರು. 2002ರಲ್ಲಿ ಸರ್ಕಾರವೇ ಉಚಿತವಾಗಿ ಔಷಧ ಕೊಡತೊಡಗಿತು, ಆಫ್ರಿಕಾದಲ್ಲಿ ಅದೇ ಮೊದಲು. ಯೋಜನೆಯ ಹೆಸರು ಮಾಸಾ, ಅಂದರೆ ಮುಂಜಾವು. ವಜ್ರದ ಹಣ ಏನು ಮಾಡಿತು ಎಂದು ಕೇಳುವವರಿಗೆ ನಾನು ಇದನ್ನೇ ಹೇಳುವುದು.

ಟ್ಲೊಕ್ವೆಂಗಿನಿಂದ
ಸೋಂಕಿನ ಪ್ರಮಾಣ ಈಗಲೂ ಹೆಚ್ಚೇ ಇದೆ, ಆದರೆ ಔಷಧ ತೆಗೆದುಕೊಂಡು ನೆಮ್ಮದಿಯಾಗಿ ಬಾಳುತ್ತಾರೆ. ತಾಯಿಯಿಂದ ಮಗುವಿಗೆ ಹರಡುವುದನ್ನು ಬಹುಮಟ್ಟಿಗೆ ತಡೆದದ್ದಕ್ಕೆ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಸಿಕ್ಕಿತು.

ಎರಡನೇ ಪ್ರಶ್ನೆಗೆ ಉತ್ತರ ಒಂದೇ ಪದ, ದನ. ಇಲ್ಲಿನ ದೊಡ್ಡ ಅಧಿಕಾರಿಯೂ ಶುಕ್ರವಾರ ಮಧ್ಯಾಹ್ನ ಟೈ ಬಿಚ್ಚಿ ಪಿಕಪ್ ಗಾಡಿಯಲ್ಲಿ ದನದ ದೊಡ್ಡಿಗೆ ಹೊರಡುತ್ತಾನೆ. ಅದಕ್ಕೆ ಮೊರಾಕಾ ಎನ್ನುತ್ತಾರೆ. ಊರಿನಲ್ಲಿ ಒಂದು ಮನೆ, ಹೊಲದಲ್ಲಿ ಒಂದು, ದೊಡ್ಡಿಯಲ್ಲಿ ಒಂದು. ಕಾಲುಬಾಯಿ ಜ್ವರ ಹರಡದಿರಲೆಂದು ದೇಶದ ಉದ್ದಗಲಕ್ಕೂ ಬೇಲಿ ಹಾಕಿದ್ದಾರೆ. ಅದರ ತಪಾಸಣೆ ಗೇಟಿನಲ್ಲಿ ಕಾರು ಔಷಧದ ನೀರಿನಲ್ಲಿ ಹಾದು ಹೋಗಬೇಕು, ನಾವು ಇಳಿದು ಒದ್ದೆ ಚಾಪೆಯ ಮೇಲೆ ಚಪ್ಪಲಿ ಒರೆಸಬೇಕು. ಮೊದಲ ಸಲ ನನ್ನ ಚೀಲದಲ್ಲಿದ್ದ ಇನ್ನೊಂದು ಜೊತೆ ಚಪ್ಪಲಿಯನ್ನೂ ತೆಗೆಸಿ ಒರೆಸಿದರು.

ಹಳೆಯ ಮೇಷ್ಟ್ರು
ಮಾವನವರಿಗೆ ಮಾಫಿಸಾ ಪದ್ಧತಿಯನ್ನು ಹೇಳಿ. ಹತ್ತಾರು ದನ ಇದ್ದವರು ಇಲ್ಲದವರಿಗೆ ಸಾಕಲು ಕೊಡುವುದು. ಹಾಲು ಸಾಕಿದವರದು, ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಕರುವೂ ಅವರದು. ನಮ್ಮಲ್ಲಿ ಪಾಲಿಗೆ ಕೊಡುವುದು ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ.

ಇನ್ನೊಂದು ಕತೆ. ಲೆಸೊಥೊ, ಸ್ವಾಜಿಲ್ಯಾಂಡ್ ಸೇರಿ ಮೂರು ದೇಶಕ್ಕೂ ಒಂದೇ ವಿಶ್ವವಿದ್ಯಾಲಯವಿತ್ತು. 1975ರಲ್ಲಿ ಲೆಸೊಥೊ ತನ್ನ ಪಾಲು ಕಿತ್ತುಕೊಂಡು ಹೊರಟಿತು. ಆಗ ಸೆರೆತ್ಸೆ ಖಾಮಾ ಜನರನ್ನು ಕೇಳಿದರು, "ಮೊಥೊ ಲೆ ಮೊಥೊ ಖೋಮೊ", ತಲೆಗೊಂದು ದನ. ಜನ ದನ ಕೊಟ್ಟರು, ಇಲ್ಲದವರು ಜೋಳ, ಕೋಳಿ, ಮೊಟ್ಟೆ ಕೊಟ್ಟರು. ಕಟ್ಟಡ ಎದ್ದಿತು. ದನ ಹಿಡಿದುಕೊಂಡು ಹೊರಟ ಮನುಷ್ಯನ ವಿಗ್ರಹ ಆ ವಿಶ್ವವಿದ್ಯಾಲಯದಲ್ಲಿದೆ. ಆ ಹೊತ್ತಿಗೆ ಒರಾಪಾದಲ್ಲಿ ಗಣಿ ಶುರುವಾಗಿ ಐದೇ ವರ್ಷ, ನೆನಪಿರಲಿ.

ಚಾಂಪಿಯನ್ ರೀಫ್
ಇದು ಗೊತ್ತಿರಲಿಲ್ಲ ಮೇಷ್ಟ್ರೇ. ಸೆಲೆಬಿ ಪಿಕ್ವೆಯ ಮಾತು ಹಿಂದೆಗೆದುಕೊಳ್ಳುವುದಿಲ್ಲ, ಆದರೆ ಇದನ್ನು ನಮ್ಮ ಹುಡುಗರಿಗೆ ಹೇಳುತ್ತೇನೆ.

ನೇರಮಾತು
ದನ ಕೊಟ್ಟವರ ಮೊಮ್ಮಕ್ಕಳು ಪದವಿ ಹಿಡಿದುಕೊಂಡು ಕೆಲಸವಿಲ್ಲದೆ ಕುಳಿತಿದ್ದಾರೆ. ಅದಕ್ಕೇ 2024ರಲ್ಲಿ ಹಳೆಯ ಪಕ್ಷಕ್ಕೆ ನಾಲ್ಕು ಸ್ಥಾನ.

ಹಳೆಯ ಮೇಷ್ಟ್ರು
ಈ ಮಾತು ಒಪ್ಪಿದೆ. ಮೊದಲ ಸಲ.

ಟ್ಲೊಕ್ವೆಂಗಿನಿಂದ
ಸೊಸೆಯವರೇ, ಬರುವುದಾದರೆ ಒಂದೇ ಒಂದು ವಿಷಯ ಈಗಲೇ ಕಲಿತುಕೊಳ್ಳಿ. ಅಂಗಡಿಯಾಗಲಿ, ಕಾಂಬಿಯಾಗಲಿ (ನೀಲಿ ನಂಬರ್ ಫಲಕದ ಮಿನಿಬಸ್ಸಿಗೆ ಹಾಗೆನ್ನುತ್ತಾರೆ), ಸರ್ಕಾರಿ ಕಚೇರಿಯಾಗಲಿ, ಹೋದವರೇ ಕೆಲಸದ ಮಾತು ತೆಗೆಯಬಾರದು. ಗಂಡಸಿಗಾದರೆ "ದುಮೆಲಾ ರ್‍ರಾ", ಹೆಂಗಸಿಗಾದರೆ "ದುಮೆಲಾ ಮ್ಮಾ". ಅವರು ತಿರುಗಿ ಹೇಳುವವರೆಗೆ ಕಾಯಬೇಕು. ಮೊದಲ ವರ್ಷ ನಾನು ಕಿಟಕಿಯಲ್ಲಿ ಚೀಟಿ ಚಾಚಿ "ಬೇಗ ಕೊಡಿ" ಎಂದದ್ದಕ್ಕೆ ಒಬ್ಬ ಗುಮಾಸ್ತೆ ನನ್ನನ್ನು ಮುಕ್ಕಾಲು ಗಂಟೆ ಕೂರಿಸಿದಳು. ತಪ್ಪು ನನ್ನದೇ.

ಚೇಳೂರಿನ ಸೊಸೆ
ಮಗಳು ಈಗಾಗಲೇ ಕಲಿತಾಯಿತು. ಬೆಳಗ್ಗೆಯಿಂದ ಅಜ್ಜಿಗೆ ದುಮೆಲಾ ಮ್ಮಾ ಎನ್ನುತ್ತಿದ್ದಾಳೆ. ಅತ್ತೆಯವರಿಗೆ ಕೊನೆಯ "ಅಮ್ಮ" ಮಾತ್ರ ಕೇಳಿಸಿ "ಏನಮ್ಮ" ಎನ್ನುತ್ತಿದ್ದಾರೆ.

ಕರಾರಿನಲ್ಲಿ ವೈದ್ಯಕೀಯ ವಿಮೆ ಇಲ್ಲ. ನಾಳೆ ಯಜಮಾನರು ಕೇಳುತ್ತಾರೆ. ಏನೆಂದರು ಎಂಬುದನ್ನು ಬಂದು ತಿಳಿಸುತ್ತೇನೆ.

ಹುಳಿಯಾರು ಹೈದ
ರಾಗಿ ಹಿಟ್ಟು ವಿಮಾನದಲ್ಲಿ ಎಷ್ಟು ಕೆಜಿ ಬಿಡುತ್ತಾರೆ ಎಂಬುದನ್ನೂ ಕೇಳಿ.